ಅಂಗಡಿಯಲ್ಲಿ ಪರಿಮಳ, ಮನೆಯಲ್ಲಿ ತುರಿಕೆ

ಮದುವೆ, ನಾಮಕರಣ, ಹಬ್ಬಗಳ ಕಾಲದಲ್ಲಿ ಸುಗಂಧವಿಲ್ಲದ ಮನೆ ನಮ್ಮಲ್ಲಿ ಇಲ್ಲವೆನ್ನಬೇಕು. ದಿಬ್ಬಣದವರಿಗೆ ಪನ್ನೀರು ಚಿಮುಕಿಸಿ, ಕೈಗೆ ಗಂಧ ಹಚ್ಚಿ ಬರಮಾಡಿಕೊಳ್ಳುವುದು ಪದ್ಧತಿ. ಮುಸ್ಲಿಂ ಸ್ನೇಹಿತರ ಮನೆಗಳಲ್ಲಿ ಅತ್ತರಿನಲ್ಲಿ ಅದ್ದಿದ ಹತ್ತಿಯ ಚೂರನ್ನು ಕಿವಿಯ ಮಡಿಕೆಯಲ್ಲಿ ಇಟ್ಟುಕೊಳ್ಳುವುದುಂಟು. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮೈಗೆ ಪೂಸಿಕೊಳ್ಳುವ ಲೇಪನಗಳಿಗೆಂದೇ ಒಂದು ಭಾಗವಿದೆ. ಆದ್ದರಿಂದ ಸುಗಂಧವನ್ನು ಬಿಟ್ಟುಬಿಡಿ ಎಂದು ಹೇಳುವ ಉದ್ದೇಶ ನನಗಿಲ್ಲ. ಹೇಳಿದರೂ ಯಾರೂ ಕೇಳುವುದಿಲ್ಲ. ನನ್ನ ತಕರಾರು ಬೇರೆ. ಇಷ್ಟು ದುಡ್ಡು ಕೊಟ್ಟು ತರುವ ಈ ಎಣ್ಣೆ ಚರ್ಮದ ಮೇಲೆ ಬಿದ್ದ ಮೇಲೆ ಏನಾಗುತ್ತದೆ ಎಂಬುದನ್ನು ನಾವು ವಿಚಾರಿಸುವುದೇ ಇಲ್ಲ. 'ನ್ಯಾಚುರಲ್', 'ಹೂವಿನಿಂದ ತೆಗೆದದ್ದು', 'ಆಲ್ಕೋಹಾಲ್ ಇಲ್ಲ' ಎಂಬ ಮೂರು ಮಾತು ಕಿವಿಗೆ ಬಿದ್ದೊಡನೆ ನಮ್ಮ ವಿವೇಚನೆ ನಿದ್ದೆ ಹೋಗುತ್ತದೆ.

ಮೈಸೂರಿನ ದೇವರಾಜ ಮಾರುಕಟ್ಟೆಗೆ ಹೋದವರಿಗೆ ಆ ದೃಶ್ಯ ಪರಿಚಿತ. ಸಾಲಾಗಿ ಗಾಜಿನ ಸೀಸೆಗಳು. ಅಂಗಡಿಯವರು ಕಡ್ಡಿಯೊಂದನ್ನು ಅದ್ದಿ ನಿಮ್ಮ ಕೈ ಮೇಲೆ ಎಳೆಯುತ್ತಾರೆ. ಇದು ಮಲ್ಲಿಗೆ, ಇದು ಗುಲಾಬಿ, ಇದು ಸಂಪಿಗೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ನಿಮ್ಮ ಮೂಗು ಸೋತಿರುತ್ತದೆ, ಐದನೆಯದನ್ನು ಕಟ್ಟಿಸಿಕೊಂಡು ಬರುತ್ತೀರಿ. ಮನೆಗೆ ಬಂದು ಸಂಜೆ ಮೂಸಿ ನೋಡಿದರೆ ಅಂಗಡಿಯಲ್ಲಿದ್ದ ವಾಸನೆ ಇಲ್ಲ! 'ಮೋಸ ಮಾಡಿದ' ಎಂದು ಅಂಗಡಿಯವರನ್ನು ಬೈಯುತ್ತೀರಿ. ಎಷ್ಟೋ ಸಲ ಅವರ ತಪ್ಪೇನೂ ಇರುವುದಿಲ್ಲ.

ಒಂದು ಸುಗಂಧದೆಣ್ಣೆ ಎಂದರೆ ಒಂದು ಪದಾರ್ಥವಲ್ಲ. ಗುಲಾಬಿಯ ಎಣ್ಣೆಯೊಂದರಲ್ಲೇ ನೂರಾರು ರಾಸಾಯನಿಕಗಳಿವೆ. ಇವುಗಳಲ್ಲಿ ಹಗುರವಾದವು ಬೇಗ ಆವಿಯಾಗುತ್ತವೆ, ಭಾರವಾದವು ನಿಧಾನ. ನಿಂಬೆ, ಕಿತ್ತಳೆಯ ಸಿಪ್ಪೆಯಲ್ಲಿರುವ ಲಿಮೋನೀನ್ ಹಗುರ ಜಾತಿಯದು. ಹಚ್ಚಿದ ಕೆಲವೇ ನಿಮಿಷಗಳಲ್ಲಿ ಹಾರಿಹೋಗುತ್ತದೆ. ಹೂವಿನ ಪರಿಮಳಗಳು ಒಂದೆರಡು ಗಂಟೆ, ಹೆಚ್ಚೆಂದರೆ ಅರ್ಧ ದಿನ ನಿಲ್ಲುತ್ತವೆ. ಲಾವಂಚ, ಶ್ರೀಗಂಧ, ಕಸ್ತೂರಿಯ ಹೆಸರಿನಲ್ಲಿ ಬರುವ ಕೃತಕ ಸುಗಂಧಗಳು ಇವೆಲ್ಲ ಭಾರದವು. ಮರುದಿನ ಸ್ನಾನಕ್ಕೆ ಹೋಗುವಾಗಲೂ ಮಣಿಕಟ್ಟಿನಲ್ಲಿ ಉಳಿದಿರುತ್ತವೆ. ಅಂಗಡಿಯಲ್ಲಿ ಐದು ನಿಮಿಷ ಮೂಸಿ ಕೊಳ್ಳುವುದೆಂದರೆ ಯಕ್ಷಗಾನದ ಪೂರ್ವರಂಗ ನೋಡಿ ಎದ್ದುಬಂದು ಪ್ರಸಂಗ ಚೆನ್ನಾಗಿತ್ತು ಎಂದ ಹಾಗೆ.

ಶ್ರೀಗಂಧದ ಎಣ್ಣೆಯ ಬಗ್ಗೆ ಕನ್ನಡಿಗರಿಗೆ ಎರಡು ಮಾತು ಹೆಚ್ಚಾಗಿ ಹೇಳಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ಸರ್ ಎಂ. ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ನಮ್ಮಲ್ಲಿ ಸರ್ಕಾರಿ ಗಂಧದೆಣ್ಣೆ ಉದ್ಯಮ ಆರಂಭವಾಯಿತು. ಈ ಎಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್. ಅದು ಸ್ವತಃ ನಿಧಾನವಾಗಿ ಆವಿಯಾಗುವುದಲ್ಲದೆ, ತನ್ನ ಜೊತೆ ಬೆರೆತ ಹಗುರ ಪರಿಮಳಗಳನ್ನೂ ಅಷ್ಟು ಬೇಗ ಹೋಗಗೊಡುವುದಿಲ್ಲ. ಉತ್ತರ ಪ್ರದೇಶದ ಕನೌಜಿನಲ್ಲಿ ಅತ್ತರು ತಯಾರಿಸುವವರು ಹೂವಿನ ಹಬೆಯನ್ನು ನೇರವಾಗಿ ಗಂಧದೆಣ್ಣೆಗೆ ಇಳಿಸುತ್ತಿದ್ದುದು ಇದೇ ಕಾರಣಕ್ಕೆ. ಗಂಧದ ಬೆಲೆ ಗಗನಕ್ಕೇರಿದ ಮೇಲೆ ಅನೇಕರು ಅದರ ಜಾಗದಲ್ಲಿ ಲಿಕ್ವಿಡ್ ಪ್ಯಾರಾಫಿನ್ ಮುಂತಾದ ವಾಸನೆಯಿಲ್ಲದ ಎಣ್ಣೆಗಳನ್ನು ಬಳಸುತ್ತಾರೆ. ಹೆಸರು ಅದೇ, ಸೀಸೆಯೂ ಅದೇ. ಮಧ್ಯಾಹ್ನದ ಹೊತ್ತಿಗೆ ಮೈ ಮೇಲೆ ಉಳಿಯುವುದು ಬರಿಯ ಜಿಡ್ಡು.

ಇನ್ನು 'ಒಬ್ಬೊಬ್ಬರ ಮೈಗೆ ಒಂದೊಂದು ವಾಸನೆ' ಎಂಬ ಮಾತು. ಇದರಲ್ಲಿ ಅರ್ಧ ಸತ್ಯವಿದೆ. ಚರ್ಮದ ಮೇಲ್ಮೈಯ ಶಾಖ ಸುಮಾರು 32ರಿಂದ 33 ಡಿಗ್ರಿ ಸೆಲ್ಸಿಯಸ್. ಬೆಚ್ಚಗಿರುವ ಕತ್ತು, ಮಣಿಕಟ್ಟು, ಕಿವಿಯ ಹಿಂಭಾಗಗಳಲ್ಲಿ ಎಣ್ಣೆ ಬೇಗ ಆವಿಯಾಗಿ ವಾಸನೆ ಜೋರಾಗಿ ಬರುತ್ತದೆ. ಜಿಡ್ಡು ಚರ್ಮದವರಲ್ಲಿ ಮೈಯ ಕೊಬ್ಬಿನಂಶ ಸುಗಂಧವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೆಚ್ಚು ಹೊತ್ತು ನಿಲ್ಲುತ್ತದೆ. ಒಣ ಚರ್ಮದವರಲ್ಲಿ, ವಯಸ್ಸಾದವರಲ್ಲಿ ಬೇಗ ಹೋಗುತ್ತದೆ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಸೋಪಿನ ವಾಸನೆ, ಬೆವರು ಎಲ್ಲವೂ ಇದರೊಡನೆ ಸೇರುತ್ತವೆ. ಬೆವರಿಗೆ ಸ್ವತಃ ಅಷ್ಟೇನೂ ವಾಸನೆಯಿಲ್ಲ. ಕಂಕುಳಲ್ಲಿರುವ ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ದುರ್ನಾತ ಹುಟ್ಟುತ್ತದೆ. ಅದರ ಮೇಲೆ ಮಲ್ಲಿಗೆಯ ಅತ್ತರು ಬಿದ್ದರೆ ಏನಾಗುತ್ತದೆಂದು ಸಂಜೆಯ ಸಿಟಿ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿದವರಿಗೆ ನಾನು ಹೇಳಬೇಕಿಲ್ಲ. ಸ್ನಾನಕ್ಕೆ ಬದಲಿ ಸುಗಂಧವಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಮೈಯ ಅಥವಾ ಉಸಿರಿನ ವಾಸನೆ ಇದ್ದಕ್ಕಿದ್ದಂತೆ ಬದಲಾದರೆ ಸೆಂಟು ಕೊಳ್ಳುವ ಮೊದಲು ವೈದ್ಯರನ್ನು ಕಾಣಿ. ಸಕ್ಕರೆ ಕಾಯಿಲೆ ತೀರಾ ಹತೋಟಿ ತಪ್ಪಿದಾಗ ಉಸಿರಿಗೆ ಕೊಳೆತ ಹಣ್ಣಿನ ವಾಸನೆ ಬರುವುದುಂಟು, ಮೂತ್ರಪಿಂಡ ಸೋತಾಗ ಮೂತ್ರದ ವಾಸನೆ. ಇವು ಅತ್ತರಿನಿಂದ ಮುಚ್ಚುವ ವಿಷಯಗಳಲ್ಲ.

ದಿನವೂ ಒಂದೇ ಸುಗಂಧ ಹಚ್ಚುವವರಿಗೆ ಅದು ಕೆಲವು ನಿಮಿಷಗಳಲ್ಲಿ ತಿಳಿಯದಂತಾಗುತ್ತದೆ. ಇದು ಮೂಗಿನ ದೋಷವಲ್ಲ, ಅಭ್ಯಾಸದ ಪರಿಣಾಮ. ಆದರೆ ಹಚ್ಚಿಕೊಂಡವರು 'ವಾಸನೆಯೇ ಬರ್ತಿಲ್ಲ' ಎಂದು ಇನ್ನೆರಡು ಹನಿ ಸುರಿದುಕೊಳ್ಳುತ್ತಾರೆ. ಪಕ್ಕದಲ್ಲಿ ಕೂತ ಆಸ್ತಮಾ ರೋಗಿಗೆ ಎದೆ ಬಿಗಿಯುತ್ತದೆ, ಅರೆತಲೆನೋವಿನವರಿಗೆ ತಲೆ ಸಿಡಿಯತೊಡಗುತ್ತದೆ. ಮನೆಯಲ್ಲಿ ಅಂಥವರಿದ್ದರೆ ಅವರ ಮೂಗನ್ನು ನಂಬಿ, ನಿಮ್ಮದನ್ನಲ್ಲ.

ಈಗ ಚರ್ಮದ ವಿಷಯ. ನನ್ನಲ್ಲಿಗೆ ಬಂದ ಗೃಹಿಣಿಯೊಬ್ಬರಿಗೆ ಮೂರು ತಿಂಗಳಿಂದ ಕತ್ತಿನ ಎರಡೂ ಪಕ್ಕ ತುರಿಕೆ, ಕೆಂಪು ದದ್ದು. ಸರದ ಕಾರಣವಿರಬೇಕೆಂದು ಸರ ತೆಗೆದಿಟ್ಟರು, ಹೋಗಲಿಲ್ಲ. ಬದನೆಕಾಯಿ ನಂಜೆಂದು ಅತ್ತೆಯವರು ಅದನ್ನೂ ಬಿಡಿಸಿದರು, ಹೋಗಲಿಲ್ಲ. ದದ್ದು ಇದ್ದದ್ದು ಕಿವಿಯ ಕೆಳಗೆ, ಎರಡು ಬೆರಳು ಒತ್ತಿದಷ್ಟು ಜಾಗದಲ್ಲಿ. 'ಅಲ್ಲಿಗೆ ಏನು ಹಚ್ಚುತ್ತೀರಮ್ಮಾ?' ಎಂದು ಕೇಳಿದೆ. 'ಏನೂ ಇಲ್ಲ ಡಾಕ್ಟ್ರೇ, ದೇವಸ್ಥಾನಕ್ಕೆ ಹೋಗುವಾಗ ಒಂಚೂರು ಸೆಂಟು ಅಷ್ಟೆ. ಅದು ಪ್ಯೂರು. ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ' ಎಂದರು.

ಹತ್ತು ವರ್ಷ ಒಗ್ಗಿದ್ದು ಹನ್ನೊಂದನೆಯ ವರ್ಷ ಒಗ್ಗದೇ ಹೋಗಬಹುದು. ಅಲರ್ಜಿಯ ಸ್ವಭಾವವೇ ಹಾಗೆ. ಮೊದಲು ಶರೀರದ ರಕ್ಷಣಾ ವ್ಯವಸ್ಥೆ ಆ ಪದಾರ್ಥವನ್ನು ಶತ್ರುವೆಂದು ಗುರುತು ಹಾಕಿಕೊಳ್ಳುತ್ತದೆ. ಆ ಬಳಿಕ ಪ್ರತಿ ಸಲ ಅದು ತಾಗಿದಾಗಲೂ ಒಂದೆರಡು ದಿನ, ಕೆಲವೊಮ್ಮೆ ಮೂರು ದಿನ ಬಿಟ್ಟು ದದ್ದು ಏಳುತ್ತದೆ. ಸೋಮವಾರ ಹಚ್ಚಿದ್ದಕ್ಕೆ ಬುಧವಾರ ತುರಿಕೆ. ನಡುವೆ ಬದನೆಕಾಯಿ ತಿಂದಿದ್ದರೆ ಅಪವಾದ ಪಾಪ ಬದನೆಕಾಯಿಗೆ.

ಇನ್ನೊಂದು ಕಾರಣವೂ ಇದೆ. ಇದು ಬಹಳ ಮಂದಿಗೆ ತಿಳಿಯದು. ಸೀಸೆಯೊಳಗಿನ ಎಣ್ಣೆಯೂ ಬದಲಾಗುತ್ತದೆ. ನಿಂಬೆ ಜಾತಿಯ ಲಿಮೋನೀನ್, ಲ್ಯಾವೆಂಡರ್ ಮುಂತಾದವುಗಳಲ್ಲಿರುವ ಲಿನಲೂಲ್ ತಾಜಾ ಇದ್ದಾಗ ಅಷ್ಟಾಗಿ ಅಲರ್ಜಿ ಉಂಟುಮಾಡುವುದಿಲ್ಲ. ಮುಚ್ಚಳ ತೆಗೆದು ಹಾಕಿ, ಗಾಳಿಯ ಆಮ್ಲಜನಕ ಸೇರುತ್ತಾ ಹೋದಂತೆ ಅವು ಬೇರೆ ರೂಪ ತಾಳುತ್ತವೆ. ಈ ಹೊಸ ರೂಪಗಳೇ ಚರ್ಮಕ್ಕೆ ಹೆಚ್ಚು ತೊಂದರೆ ಕೊಡುವಂಥವು. ಅಕ್ಕ ದುಬೈಯಿಂದ ತಂದುಕೊಟ್ಟದ್ದೆಂದು ಬೀರುವಿನಲ್ಲಿ ಆರೇಳು ವರ್ಷ ಕಾಪಾಡಿಟ್ಟು, ವರ್ಷಕ್ಕೆ ಎರಡು ಸಲ ತೆಗೆಯುವ ಅರ್ಧ ಸೀಸೆಯ ಬಗ್ಗೆ ನನಗಿರುವ ಅನುಮಾನ ಇದೇ.

'ನ್ಯಾಚುರಲ್' ಎಂಬ ಮಾತಿಗೆ ಬರುತ್ತೇನೆ. ಸುಗಂಧದ ಅಲರ್ಜಿ ಪತ್ತೆ ಮಾಡಲು ಚರ್ಮರೋಗ ತಜ್ಞರು ಪ್ಯಾಚ್ ಪರೀಕ್ಷೆ ಮಾಡುತ್ತಾರೆ. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, 48 ಗಂಟೆಯ ನಂತರ ತೆಗೆದು ನೋಡಿ, ಮತ್ತೆ ನಾಲ್ಕನೆಯ ದಿನದ ಸುಮಾರಿಗೆ ಇನ್ನೊಮ್ಮೆ ನೋಡುತ್ತಾರೆ. ಅದರಲ್ಲಿ ಬಳಸುವ ಎಂಟು ಪದಾರ್ಥಗಳ ಸುಗಂಧ ಮಿಶ್ರಣವೊಂದರಲ್ಲಿ ಲವಂಗದಲ್ಲಿರುವ ಯೂಜಿನಾಲ್ ಇದೆ, ಗುಲಾಬಿಯಲ್ಲಿರುವ ಜೆರಾನಿಯಾಲ್ ಇದೆ, ದಾಲ್ಚಿನ್ನಿಯ ಘಾಟಿನ ಅಂಶವಿದೆ. ಎಲ್ಲವೂ ಗಿಡಮರಗಳಲ್ಲಿ ಸಿಗುವಂಥವೇ. ನಮ್ಮ ಚರ್ಮಕ್ಕೆ ಹೂವಿನಿಂದ ಬಂದದ್ದು, ಕಾರ್ಖಾನೆಯಿಂದ ಬಂದದ್ದು ಎಂಬ ಭೇದವಿಲ್ಲ. ಆಲ್ಕೋಹಾಲ್ ಇಲ್ಲವೆಂಬುದೂ ಅಷ್ಟೇ. ಆಲ್ಕೋಹಾಲ್ ಗಾಯದ ಮೇಲೆ ಉರಿಯುತ್ತದೆ, ನಿಜ. ಆದರೆ ಅಲರ್ಜಿ ತರುವುದು ಸುಗಂಧ. ಸ್ಪ್ರೇ ಸೆಂಟಿನಲ್ಲಿ ಬಹುಪಾಲು ಆಲ್ಕೋಹಾಲೇ ಇದ್ದು ಸುಗಂಧ ಕಡಿಮೆ. ನೀರು ಬೆರೆಸದ ಹಾಲಿನಂತಿರುವ ಅತ್ತರಿನ ಒಂದು ಹನಿಯಲ್ಲಿ ಅದು ಎಷ್ಟೋ ಪಾಲು ಹೆಚ್ಚು.

ಬಿಸಿಲು ಸೇರಿದಾಗ ಆಗುವ ತೊಂದರೆ ಇನ್ನೂ ಕೆಟ್ಟದ್ದು. ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆಯಲ್ಲಿ ಬರ್ಗಾಪ್ಟೆನ್ ಎಂಬ ಅಂಶವಿದೆ. ಅದು ಚರ್ಮದ ಮೇಲಿದ್ದಾಗ ಬಿಸಿಲಿನ ಅತಿನೇರಳೆ ಕಿರಣ ತಾಗಿದರೆ ಸುಟ್ಟಂತಾಗಿ, ಆಮೇಲೆ ಕಪ್ಪು ಕಲೆ ನಿಲ್ಲುತ್ತದೆ. ಎಣ್ಣೆ ಎಲ್ಲಿ ಇಳಿಯಿತೋ ಅಲ್ಲೆಲ್ಲ ಕತ್ತಿನ ಮೇಲೆ ಪದಕ ತೂಗುಬಿಟ್ಟಂತೆ ಕಪ್ಪು ಗೆರೆ. ಇದಕ್ಕೆ ಅಲರ್ಜಿ ಇರಬೇಕೆಂದಿಲ್ಲ, ಯಾರಿಗಾದರೂ ಆಗಬಹುದು. ಆ ಅಂಶ ತೆಗೆದ ಬರ್ಗಮಾಟ್ ಎಣ್ಣೆ ಈಗ ಸಿಗುತ್ತದೆ, ಆದರೆ ಬಿಡಿಯಾಗಿ ಅಳೆದು ಕೊಡುವ ಸೀಸೆಯಲ್ಲಿ ಯಾವುದಿದೆ ಎಂದು ಹೇಳುವವರು ಯಾರು?

ನಮ್ಮಂಥ ಕಂದು ಮೈಬಣ್ಣದವರಲ್ಲಿ ಯಾವ ದದ್ದೇ ಆಗಲಿ, ಮಾಯುವಾಗ ಕಪ್ಪು ಉಳಿಸಿಹೋಗುತ್ತದೆ. ಕುಂಕುಮ ಒಗ್ಗದ ಹಣೆಗಳಲ್ಲಿ ನೀವು ನೋಡಿರಬಹುದು. ನಿಜವಾದ ಅನಾಹುತ ಆರಂಭವಾಗುವುದು ಇಲ್ಲಿಂದ. ಕಪ್ಪು ಹೋಗಲೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೆರಾಯ್ಡ್ ಬೆರೆತ ಕ್ರೀಮು ತರುತ್ತಾರೆ. ವಾರದಲ್ಲಿ ತಿಳಿಯಾಯಿತೆಂದು ಸಂತೋಷ. ತಿಂಗಳುಗಟ್ಟಲೆ ಹಚ್ಚಿ ಚರ್ಮ ತೆಳುವಾಗಿ, ಮೊಡವೆ, ಕೂದಲು ಬಂದು, ಬಿಟ್ಟರೆ ಉರಿ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ನಿಯಮ ಮಾಡಿತು. ಆದರೂ ಚೀಟಿಯಿಲ್ಲದೆ ತಂದ ಟ್ಯೂಬು ಹಿಡಿದು ನನ್ನಲ್ಲಿಗೆ ಬರುವವರು ನಿಂತಿಲ್ಲ. ಹತ್ತು ರೂಪಾಯಿಯ ಅತ್ತರಿನಿಂದ ಶುರುವಾದದ್ದು ವರ್ಷಗಟ್ಟಲೆಯ ಚಿಕಿತ್ಸೆಯಾಗುತ್ತದೆ.

ಯುರೋಪಿನ ದೇಶಗಳಲ್ಲಿ 2005ರಿಂದಲೂ ಅಲರ್ಜಿ ತರುವ 26 ಸುಗಂಧ ಪದಾರ್ಥಗಳು ನಿಗದಿತ ಪ್ರಮಾಣ ಮೀರಿದ್ದರೆ ಹೆಸರು ಹಿಡಿದು ಅಚ್ಚು ಹಾಕಬೇಕು. 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಹೆಚ್ಚು ಪದಾರ್ಥಗಳಿಗೆ ವಿಸ್ತರಿಸಿದರು. ನಮ್ಮಲ್ಲಿ ಬಿಡಿ ಸೀಸೆಯ ಮೇಲೆ 'ಜಾಸ್ಮಿನ್' ಎಂಬ ಚೀಟಿ ಬಿಟ್ಟರೆ ಮತ್ತೇನೂ ಇರುವುದಿಲ್ಲ. ಬಿಸ್ಕತ್ತಿನ ಪೊಟ್ಟಣದಲ್ಲಿ ಏನೇನಿದೆ ಎಂದು ಓದುವ ಹಕ್ಕು ನಮಗಿರುವಾಗ, ದಿನವೂ ಮೈಗೆ ಹಚ್ಚುವ ಎಣ್ಣೆಯ ಬಗ್ಗೆ ಏಕಿರಬಾರದು? ಗ್ರಾಹಕರು ಕೇಳಲು ತೊಡಗಿದರೆ ಮಾರುವವರೂ ಹೇಳಲು ತೊಡಗುತ್ತಾರೆ.

ಅಲ್ಲಿಯವರೆಗೆ ಮಾಡಬಹುದಾದದ್ದು ಇಷ್ಟು. ಅಂಗಡಿಯಲ್ಲಿ ಒಂದು ಕೈಗೆ ಒಂದೇ ಎಣ್ಣೆ ಹಚ್ಚಿಸಿಕೊಂಡು ಮನೆಗೆ ಬನ್ನಿ, ಮರುದಿನ ಬೆಳಿಗ್ಗೆಯೂ ಇಷ್ಟವಾದರೆ ಕೊಳ್ಳಿ. ಚಿಕ್ಕ ಸೀಸೆಯೇ ಸಾಕು. ಮೊದಲ ವಾರ, ಹತ್ತು ದಿನ ಮೊಣಕೈ ಮಡಿಕೆಯ ಬಳಿ ಒಂದೇ ಜಾಗಕ್ಕೆ ದಿನಕ್ಕೆರಡು ಸಲ ಒಂದು ಹನಿ ಹಚ್ಚಿ ನೋಡಿ. ಕೆಂಪಾಗಲಿ, ತುರಿಕೆಯಾಗಲಿ ಬಂದರೆ ಅದು ನಿಮಗಲ್ಲ. ಬಿಸಿಲಿಗೆ ಹೋಗುವ ಮುಂಚೆ, ಗಡ್ಡ ಕೆರೆದ ತಕ್ಷಣ, ಇಸುಬಿನ ಮೇಲೆ ಬೇಡ. ಬಟ್ಟೆಗೆ ಹಚ್ಚುವುದು ಎಲ್ಲಕ್ಕಿಂತ ಮೇಲು. ಅಂಗಿಯ ಒಳಮಡಿಕೆಗೆ, ಸೆರಗಿನ ತುದಿಗೆ ಒಂದು ಹನಿ ಹಾಕಿದರೆ ಚರ್ಮಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ರೇಷ್ಮೆಗೆ ಮಾತ್ರ ಕಲೆಯಾದೀತು.

ಎಳೆಮಕ್ಕಳಿಗೆ ಯಾವ ಸುಗಂಧದೆಣ್ಣೆಯನ್ನೂ ಹಚ್ಚಬೇಡಿ. ಅವರ ಚರ್ಮ ತೆಳು. ಶೀತವೆಂದು ನೀಲಗಿರಿ ಎಣ್ಣೆಯನ್ನೋ ಕರ್ಪೂರವನ್ನೋ ಎದೆಗೆ, ಮೂಗಿಗೆ ತಿಕ್ಕುವ ಅಭ್ಯಾಸ ಅನೇಕ ಮನೆಗಳಲ್ಲಿದೆ. ಇವೆರಡೂ ಹೊಟ್ಟೆಗೆ ಹೋದರೆ ಮಗುವಿಗೆ ಫಿಟ್ಸ್ ಬರಬಹುದು, ಅದಕ್ಕೆ ಸ್ವಲ್ಪ ಪ್ರಮಾಣವೇ ಸಾಕು. ಬಣ್ಣದ ಪುಟ್ಟ ಸೀಸೆಗಳು ಮಕ್ಕಳ ಕೈಗೆ ಆಟಿಕೆಯಂತೆ ಕಾಣುತ್ತವೆ, ಎತ್ತರದಲ್ಲಿಡಿ. ಅಕಸ್ಮಾತ್ ಮಗು ಕುಡಿದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ; ವಾಂತಿಯಾಗುವಾಗ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಮಗುವನ್ನು ಎತ್ತಿಕೊಂಡು ನೇರವಾಗಿ ಆಸ್ಪತ್ರೆಗೆ ಬನ್ನಿ, ಸೀಸೆಯನ್ನೂ ಜೊತೆಗೆ ತನ್ನಿ.