ಗಾಡಿ ನಮ್ಮದು, ಕಿವಿ ನೆರೆಯವರದು



ಕೃಷಿ ಮತ್ತು ಆರೋಗ್ಯದ ಈ ಪುಟಕ್ಕೂ ಗಾಡಿಯ ಸೈಲೆನ್ಸರಿಗೂ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧವಿದೆ. ಸಂಜೆ ಹಾಲು ಕರೆಯುವ ಹೊತ್ತಿಗೆ ಸಿಡಿಲಿನಂತೆ ಮನೆಮುಂದೆ ಹಾದುಹೋಗುವ ಸದ್ದು ಕೊಟ್ಟಿಗೆಯ ಹಸುವಿಗೂ ಕೇಳುತ್ತದೆ, ತೊಟ್ಟಿಲ ಕೂಸಿಗೂ ಕೇಳುತ್ತದೆ, ಹಾಸಿಗೆ ಹಿಡಿದ ಅಜ್ಜನಿಗೂ ಕೇಳುತ್ತದೆ. ಕಾರ್ಖಾನೆಯಿಂದ ಬಂದ ಸೈಲೆನ್ಸರನ್ನು ಕಿತ್ತು, ಬೇಕೆಂದೇ ಸದ್ದು ಹೆಚ್ಚಿಸುವ ಕೊಳವೆ ಹಾಕಿಸುವ ಚಾಳಿ ಹೊಸೂರು, ಮತ್ತಿಗಿರಿ, ತಳಿ ಭಾಗದ ನಮ್ಮ ಹಳ್ಳಿಗಳಿಗೂ ಬಂದಿದೆ. ಇದು ನಿಲ್ಲಬೇಕು. ಯುವಕರನ್ನು ಬೈಯುವುದಕ್ಕಾಗಿ ಇದನ್ನು ಬರೆಯುತ್ತಿಲ್ಲ. ಕಾರಣಗಳನ್ನು ಮುಂದಿಟ್ಟರೆ ಅವರೇ ಒಪ್ಪುತ್ತಾರೆಂಬ ನಂಬಿಕೆಯಿಂದ ಬರೆಯುತ್ತಿದ್ದೇನೆ.

ಇಂಜಿನಿನ ಸದ್ದಿಗೆ ಒಂದು ಸೊಗಸಿದೆ, ಅದನ್ನು ಅಲ್ಲಗಳೆಯುವುದು ಸರಿಯಲ್ಲ. ಬುಲೆಟ್ಟಿನ ‘ಡುಗು ಡುಗು’ ಕೇಳಿ ತಲೆಯೆತ್ತಿ ನೋಡದ ಹುಡುಗರು ಕಡಿಮೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಕಂಪನಿಯಂತೂ ತನ್ನ ಬೈಕಿನ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಸಿಕೊಳ್ಳಲು 1994ರಲ್ಲಿ ಅರ್ಜಿ ಹಾಕಿ, 2000ದಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಬೆಂಗಳೂರಿನಿಂದ ಕೃಷ್ಣಗಿರಿ ಕಡೆಗೆ ಹೆದ್ದಾರಿಯಲ್ಲಿ ಸಾಗುವ ಸ್ಪೋರ್ಟ್ಸ್ ಕಾರುಗಳನ್ನು ನಮ್ಮ ಮಕ್ಕಳು ನೋಡುತ್ತಾರೆ. ಅದೇ ಸದ್ದು ತಮ್ಮ ಬೈಕಿನಿಂದಲೂ ಹಳೆಯ ಕಾರಿನಿಂದಲೂ ಬರಬೇಕೆಂದು ಆಸೆಪಡುತ್ತಾರೆ. ಆಸೆ ತಪ್ಪಲ್ಲ, ಅದಕ್ಕೆ ಹಿಡಿದ ದಾರಿ ತಪ್ಪು.

ಮೊದಲು ಸೈಲೆನ್ಸರ್ ಮಾಡುವ ಕೆಲಸವನ್ನು ತಿಳಿಯೋಣ. ಇಂಜಿನಿನ ಹೊಗೆ ವಾಲ್ವು ತೆರೆದಾಗಲೆಲ್ಲ ಒತ್ತಡದಲ್ಲಿರುವ ಬಿಸಿ ಅನಿಲ ಒಮ್ಮೆಲೇ ಹೊರನುಗ್ಗುತ್ತದೆ. ಆ ಬಡಿತವೇ ಸದ್ದು. ಸೈಲೆನ್ಸರಿನೊಳಗಿನ ಸಣ್ಣ ಕೋಣೆಗಳಲ್ಲಿ ಸದ್ದಿನ ಅಲೆಗಳು ಹಿಂದೆ ಮುಂದೆ ಬಡಿದು ಒಂದನ್ನೊಂದು ಕುಂದಿಸುತ್ತವೆ. ಇನ್ನೊಂದು ಬಗೆಯಲ್ಲಿ, ತೂತುಗಳಿರುವ ಕೊಳವೆಯ ಸುತ್ತ ಗಾಜಿನ ನಾರನ್ನು ತುಂಬಿರುತ್ತಾರೆ. ಅದು ಸದ್ದನ್ನು ಹೀರಿಕೊಳ್ಳುತ್ತದೆ. ದುಬಾರಿ ಸ್ಪೋರ್ಟ್ಸ್ ಕಾರುಗಳಿಗೂ ಸೈಲೆನ್ಸರ್ ಇದ್ದೇ ಇರುತ್ತದೆ. ಅವುಗಳಲ್ಲಿ ಅನೇಕಕ್ಕೆ ಹೊಗೆಕೊಳವೆಯಲ್ಲಿ ತೆರೆದು ಮುಚ್ಚುವ ತಗಡಿನ ಬಾಗಿಲನ್ನು ಇಟ್ಟಿರುತ್ತಾರೆ. ನಿಧಾನವಾಗಿ ಹೋಗುವಾಗ ಅದು ಮುಚ್ಚಿ ಸದ್ದು ತಗ್ಗುತ್ತದೆ, ಇಂಜಿನಿಗೆ ಹೆಚ್ಚು ಕೆಲಸ ಬಿದ್ದಾಗ ತೆರೆದುಕೊಳ್ಳುತ್ತದೆ. ಬಿಎಂಡಬ್ಲ್ಯು ಕಂಪನಿ 2011ರಲ್ಲಿ ತಂದ ಎಂ5 ಕಾರಿನಲ್ಲಿ ಇಂಜಿನಿನ ಸದ್ದನ್ನು ಒಳಗಿನ ಸ್ಪೀಕರುಗಳಲ್ಲಿ ಕೇಳಿಸುವ ಏರ್ಪಾಡು ಮಾಡಿತು. ದುಡ್ಡು ಕೊಟ್ಟವನಿಗೆ ಸದ್ದು, ಬೀದಿಯವರಿಗೆ ನೆಮ್ಮದಿ! ಅಷ್ಟು ದೊಡ್ಡ ಇಂಜಿನ್ ಮಾಡುವವರೇ ಬೀದಿಯನ್ನು ನೆನೆಯುವಾಗ, 150 ಸಿಸಿ ಬೈಕಿಗೆ ಊರೆಲ್ಲ ಎದ್ದು ಕೂರುವ ಸದ್ದು ಏಕೆ ಬೇಕು?

ಕೊಳವೆ ಬದಲಿಸಿದರೆ ಶಕ್ತಿ ಹೆಚ್ಚುತ್ತದೆ ಎಂದು ಕೆಲವರು ವಾದಿಸುತ್ತಾರೆ. ರೇಸಿನ ಗಾಡಿಗಳಲ್ಲಿ ಹೊಗೆಕೊಳವೆಯ ಜೊತೆಗೆ ಇಂಧನದ ಅಳತೆ, ಕಿಡಿಯ ಸಮಯ, ಗಾಳಿಯ ದಾರಿ ಎಲ್ಲವನ್ನೂ ಕೂಡಿಸಿ ಹೊಂದಿಸುತ್ತಾರೆ. ಬರೀ ಕೊಳವೆ ಬದಲಿಸಿದರೆ ಹೆಚ್ಚುವುದು ಮುಖ್ಯವಾಗಿ ಸದ್ದು. ಕಡಿಮೆ ವೇಗದ ಎಳೆತ ಕುಗ್ಗುವುದೂ ಉಂಟು. 2020ರ ಏಪ್ರಿಲಿನಿಂದ ಜಾರಿಗೆ ಬಂದ ಬಿಎಸ್-6 ನಿಯಮದ ಪೆಟ್ರೋಲ್ ಗಾಡಿಗಳಲ್ಲಿ ಹೊಗೆಯ ವಿಷವನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಅದನ್ನೂ ಕಿತ್ತುಹಾಕಿದರೆ ಸದ್ದಿನ ಜೊತೆಗೆ ವಿಷದ ಹೊಗೆಯೂ ಬೀದಿಗೆ ಬರುತ್ತದೆ. ‘ಪಟಾಕಿ’ ಸಿಡಿಸುವುದೆಂದರೆ ಇಂಜಿನಿನಲ್ಲಿ ಉರಿಯದ ಪೆಟ್ರೋಲು ಕೊಳವೆಯಲ್ಲಿ ಸಿಡಿಯುವುದು. ಆ ಕಾವಿಗೆ ಕನ್ವರ್ಟರ್ ಕೆಡುತ್ತದೆ. ತಂದೆ ಬೆವರು ಸುರಿಸಿ ತಂದ ದುಡ್ಡನ್ನು ಹೀಗೆ ಸುಡಬಹುದೇ?

ಸದ್ದಿದ್ದರೆ ಎದುರಿನವರು ಎಚ್ಚೆತ್ತುಕೊಳ್ಳುತ್ತಾರೆ, ಅಪಘಾತ ತಪ್ಪುತ್ತದೆ ಎಂಬ ಇನ್ನೊಂದು ವಾದವಿದೆ. ಆದರೆ ಹೊಗೆಕೊಳವೆಯ ಬಾಯಿ ಇರುವುದು ಹಿಂದಕ್ಕೆ, ಹೆಚ್ಚಿನ ಸದ್ದು ಹೋಗುವುದೂ ಹಿಂದಕ್ಕೇ. ಗಾಜು ಏರಿಸಿಕೊಂಡು ಎದುರಿನಿಂದ ಬರುವ ಲಾರಿಯವನಿಗೆ ಅದು ಕೇಳಿಸುವ ಹೊತ್ತಿಗೆ ಗಾಡಿ ಹತ್ತಿರವೇ ಬಂದಿರುತ್ತದೆ. ಜೀವ ಕಾಯುವುದು ಹೆಲ್ಮೆಟ್, ದೀಪ, ಬ್ರೇಕು, ಹಿಡಿತದಲ್ಲಿರುವ ವೇಗ.

ಇನ್ನು ಆರೋಗ್ಯ. ಸದ್ದನ್ನು ಡೆಸಿಬೆಲ್ಲಿನಲ್ಲಿ ಅಳೆಯುತ್ತಾರೆ. ಈ ಲೆಕ್ಕದಲ್ಲಿ 10 ಹೆಚ್ಚಿದರೆ ಸದ್ದಿನ ಶಕ್ತಿ ಹತ್ತು ಪಟ್ಟು ಹೆಚ್ಚುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು. ಅಲ್ಲಿಂದ ಮುಂದೆ ಪ್ರತಿ 3 ಡೆಸಿಬೆಲ್ಲಿಗೂ ಸಮಯ ಅರ್ಧಕ್ಕಿಳಿಯುತ್ತದೆ. 100 ಡೆಸಿಬೆಲ್ ಆದರೆ ಹದಿನೈದೇ ನಿಮಿಷ. ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆ ಸದ್ದಿನ ಪಕ್ಕದಲ್ಲೇ ದಿನವೂ ಕೂರುವ ಸವಾರನೇ ಮೊದಲು ಕಿವಿ ಕಳೆದುಕೊಳ್ಳುವವನು. ನಿದ್ದೆಯಲ್ಲಿರುವವನಿಗೆ ಎಚ್ಚರವಾಗದಿದ್ದರೂ ಜೋರು ಸದ್ದಿಗೆ ಎದೆಬಡಿತ, ರಕ್ತದೊತ್ತಡ ಏರುತ್ತವೆ. ರಸ್ತೆಯ ಸದ್ದಿಗೂ ಹೃದ್ರೋಗಕ್ಕೂ ನಂಟಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಯುರೋಪಿನ ಮಾರ್ಗಸೂಚಿಯಲ್ಲಿ ಹೇಳಿ, ರಾತ್ರಿ ವಾಹನಗಳ ಸದ್ದು ಸರಾಸರಿ 45 ಡೆಸಿಬೆಲ್ ದಾಟಬಾರದೆಂದು ಸೂಚಿಸಿದೆ.

ಹಸುವಿನ ಮಾತಿಗೆ ಬರೋಣ. ಕರುವನ್ನು ಬಿಟ್ಟಾಗ ಅಥವಾ ಕೆಚ್ಚಲು ತೊಳೆದಾಗ ಹಸುವಿನ ರಕ್ತದಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಸೇರಿ ಹಾಲು ಇಳಿಯುತ್ತದೆ. ಆ ಹೊತ್ತಿನಲ್ಲಿ ಹಸು ಬೆದರಿದರೆ ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಅದಕ್ಕೆ ಅಡ್ಡ ಬರುತ್ತದೆ. ಹಸು ಹಾಲು ತಡೆಹಿಡಿಯುತ್ತದೆ. ಪದೇ ಪದೇ ಹಾಲು ಪೂರ್ತಿ ಇಳಿಯದೆ ಉಳಿದರೆ ಕೊಡುವ ಹಾಲೇ ಕಡಿಮೆಯಾಗುತ್ತದೆ. ಕೋಳಿಗಳು ಹಠಾತ್ ಸದ್ದಿಗೆ ಬೆದರಿ ಮೂಲೆಯಲ್ಲಿ ಒಂದರ ಮೇಲೊಂದು ಬಿದ್ದು ಉಸಿರುಕಟ್ಟಿ ಸಾಯುವುದುಂಟು. ‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎಂದು ಹಿರಿಯರು ಹೇಳಿದ್ದು ಸುಮ್ಮನೆಯೇ?

ಕಾನೂನು ಕೂಡ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕಾರ್ಖಾನೆ ನಿಗದಿ ಮಾಡಿದ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಾಯಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮು ತಡೆಯುತ್ತದೆ. ಕೇರಳದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಇಂಥ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಎರಡೂ ಆಗಬಹುದು. ಸದ್ದಿನ ಮಿತಿ ಮೀರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು; ಲೈಸೆನ್ಸೂ ಮೂರು ತಿಂಗಳು ಅನರ್ಹವಾಗುತ್ತದೆ. ಅಂಗಡಿಯಲ್ಲಿ ಮಾರಾಟಕ್ಕಿದೆ ಎಂದ ಮಾತ್ರಕ್ಕೆ ರಸ್ತೆಗೆ ಒಪ್ಪಿಗೆ ಇದೆ ಎಂದಲ್ಲ. ‘ರೇಸಿಗೆ ಮಾತ್ರ’ ಎಂದು ಬರೆದ ಸಾಮಾನು ರೇಸಿನ ಅಂಗಳಕ್ಕೆ ಮಾತ್ರ. ನಮ್ಮ ರಾಜ್ಯದಲ್ಲೇ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿ, ಕೊಯಮತ್ತೂರಿನ ಕರಿ ಸ್ಪೀಡ್‌ವೇಯಲ್ಲಿ ಅಂಥ ಅಂಗಳಗಳಿವೆ. ವೇಗದ ಹುಚ್ಚಿದ್ದವರು ಅಲ್ಲಿ ಹೋಗಿ ಕ್ರಮವಾಗಿ ಕಲಿಯಲಿ. ಮಕ್ಕಳು ಆಡುವ, ದನಗಳು ಮೇವಿಗೆ ಹೋಗುವ ನಮ್ಮ ರಸ್ತೆ ಅದಕ್ಕೆ ಜಾಗವಲ್ಲ.

ಹಿರಿಯರೂ ಒಂದು ಮಾತು ಕೇಳಬೇಕು. ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮವು ಕೃಷಿ ಟ್ರ್ಯಾಕ್ಟರಿಗೂ ಸೈಲೆನ್ಸರ್ ಇರಲೇಬೇಕೆನ್ನುತ್ತದೆ. ತುಕ್ಕು ಹಿಡಿದು ತೂತಾದ ಸೈಲೆನ್ಸರಿನ ಟ್ರ್ಯಾಕ್ಟರನ್ನು ದಿನವಿಡೀ ಓಡಿಸುತ್ತಾ, ಟಿಲ್ಲರಿನ ಕೊಳವೆ ಮುರಿದರೂ ಹಾಗೇ ಉಳುತ್ತಾ, ಮಗನಿಗೆ ಮಾತ್ರ ಬುದ್ಧಿ ಹೇಳಿದರೆ ಅವನು ಕೇಳುವನೇ? ವಯಸ್ಸಾದ ಮೇಲೆ ಕಿವಿ ಮಂದವಾಯಿತೆಂದು ಕೊರಗುವ ರೈತನು ತಾನು ಯಾವ ಇಂಜಿನಿನ ಪಕ್ಕ ಎಷ್ಟು ವರ್ಷ ಕುಳಿತಿದ್ದೆ ಎಂದು ಯೋಚಿಸಲಿ. ಟ್ರ್ಯಾಕ್ಟರ್ ಓಡಿಸುವಾಗ, ಒಕ್ಕಣೆ ಯಂತ್ರದ ಬಳಿ ನಿಲ್ಲುವಾಗ ಕಿವಿಗೆ ರಬ್ಬರಿನ ಬಿರಡೆ ಹಾಕಿಕೊಳ್ಳುವುದು ಒಳ್ಳೆಯದು.

ಆದ್ದರಿಂದ ಪೋಷಕರಲ್ಲಿ ನನ್ನ ವಿನಂತಿ ಇಷ್ಟೇ: ಗಾಡಿ ಕೊಡಿಸುವ ದಿನವೇ ಸೈಲೆನ್ಸರಿನ ಮಾತನ್ನೂ ಆಡಿಬಿಡಿ. ಯುವಕರೇ, ಬಿಚ್ಚಿಟ್ಟ ಮೂಲ ಸೈಲೆನ್ಸರ್ ಅಟ್ಟದ ಮೇಲೆ ಇದ್ದರೆ ಈ ವಾರವೇ ಇಳಿಸಿ ಹಾಕಿಸಿ. ಮೆಕಾನಿಕ್ ಕೆಲಸ ಮಾಡುವ ನಮ್ಮ ಹುಡುಗರು ಇಂಥ ಕೊಳವೆ ಕೂರಿಸಿಕೊಡಲು ಆಗದು ಎನ್ನುವ ಧೈರ್ಯ ತೋರಲಿ. ತುಂಬಿದ ಕೊಡ ತುಳುಕುವುದಿಲ್ಲ. ಒಳ್ಳೆಯ ಇಂಜಿನೂ ಹಾಗೆಯೇ, ಒಳ್ಳೆಯ ಸವಾರನೂ ಹಾಗೆಯೇ.