ನೀತಿಯಲ್ಲಿದ್ದ ನಾಷ್ಟಾ ಎಲ್ಲಿ ಹೋಯಿತು?

ಶಾಲೆಯಲ್ಲಿ ಬೆಳಗಿನ ತಿಂಡಿ ಕೊಡಿ ಎಂದರೆ ಸಾಕು, ‘ಮಕ್ಕಳಿಗೆ ನಾಷ್ಟಾ ಮಾಡಿಕೊಡುವುದು ತಾಯಂದಿರ ಕೆಲಸ, ಅದನ್ನೂ ಸರ್ಕಾರವೇ ಮಾಡಬೇಕೆ?’ ಎನ್ನುವವರು ಎದ್ದು ನಿಲ್ಲುತ್ತಾರೆ. ಅವರು ಒಂದು ದಿನ ಬೆಳಕು ಹರಿಯುವ ಹೊತ್ತಿಗೆ ಗೋವಾದ ವಾಸ್ಕೋದಲ್ಲಿರುವ ಬೈನಾಕ್ಕೋ ಝುವಾರಿನಗರಕ್ಕೋ ಬರಲಿ. ಗದಗ, ಬಾಗಲಕೋಟೆ, ವಿಜಯಪುರದಿಂದ ದುಡಿಯಲು ಬಂದ ನಮ್ಮ ಹೆಣ್ಣುಮಕ್ಕಳು ಅಷ್ಟೊತ್ತಿಗಾಗಲೇ ಬೇರೆಯವರ ಮನೆಯ ಪಾತ್ರೆ ತಿಕ್ಕುತ್ತಿರುತ್ತಾರೆ. ಗಂಡಸರು ಮೀನಿನ ಜೆಟ್ಟಿಯಲ್ಲಿರುತ್ತಾರೆ, ಇಲ್ಲವೇ ಕೂಲಿಗೆ ಯಾರು ಕರೆಯುತ್ತಾರೋ ಎಂದು ರಸ್ತೆ ಬದಿ ಕಾಯುತ್ತಿರುತ್ತಾರೆ. ಮಗು ಚಹಾದಲ್ಲಿ ಪಾವ್ ಅದ್ದಿ ತಿಂದು, ಎಷ್ಟೋ ದಿನ ಅದೂ ಇಲ್ಲದೆ, ಎಂಟರ ಹೊತ್ತಿಗೆ ಶಾಲೆಗೆ ಓಡುತ್ತದೆ. ಅದರ ಅವ್ವನನ್ನು ಸೋಮಾರಿ ಎನ್ನುವ ನಾಲಿಗೆಗೆ ನಾಚಿಕೆಯಾಗಬೇಕು.

2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಿದ್ದೇವೆಂದು ಗೋವಾ ಸರ್ಕಾರ ಹೆಮ್ಮೆಪಡುತ್ತದೆ. ಅದೇ ನೀತಿಯ ಹೆಸರು ಹೇಳಿ, ಪೋಷಕರ ವಿರೋಧವನ್ನು ಲೆಕ್ಕಿಸದೆ, 2025ರಲ್ಲಿ ಆರನೆಯ ತರಗತಿಯಿಂದ ಮೇಲಿನ ಮಕ್ಕಳನ್ನು ಏಪ್ರಿಲ್ ಸೆಕೆಯಲ್ಲೇ ಶಾಲೆಗೆ ಕರೆಸಿತು. ಆದರೆ ಆ ನೀತಿ ಬೆಳಗಿನ ತಿಂಡಿಯನ್ನೂ ಕೊಡಿ ಎನ್ನುತ್ತದೆ. ಪೌಷ್ಟಿಕ ತಿಂಡಿ ತಿಂದ ನಂತರದ ಹೊತ್ತು ಕಠಿಣ ವಿಷಯ ಕಲಿಯಲು ಒಳ್ಳೆಯದು ಎನ್ನುತ್ತದೆ. ಬಿಸಿ ಅಡುಗೆ ಆಗದ ಕಡೆ ಶೇಂಗಾ ಅಥವಾ ಕಡಲೆಗೆ ಬೆಲ್ಲ ಬೆರೆಸಿ ಕೊಡಬಹುದು ಎಂದೂ ಅದರಲ್ಲಿದೆ. ಶೇಂಗಾ, ಬೆಲ್ಲ! 2021ರಲ್ಲಿ ಹಣವಿಲ್ಲವೆಂದು ಕೇಂದ್ರದ ಹಣಕಾಸು ಇಲಾಖೆ ತಿಂಡಿಯ ಪ್ರಸ್ತಾವವನ್ನೇ ತಳ್ಳಿಹಾಕಿತು. ಬಿಸಿಯೂಟದ ಯೋಜನೆಗೆ ಪಿಎಂ ಪೋಷಣ್ ಎಂಬ ಹೊಸ ಹೆಸರು ಬಂತು, ತಿಂಡಿ ಬರಲಿಲ್ಲ. ಮಕ್ಕಳನ್ನು ದುಡಿಸುವ ಪುಟ ಬೇಕು, ಉಣಿಸುವ ಪುಟ ಬೇಡವೇ?

ತಿಂಡಿಗೂ ಓದಿಗೂ ಏನು ಸಂಬಂಧ ಎನ್ನುವವರಿಗೆ ಜಮೈಕಾದ ಉದಾಹರಣೆಯೇ ಸಾಕು. 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಅಲ್ಲಿನ 16 ಹಳ್ಳಿ ಶಾಲೆಗಳ 814 ಮಕ್ಕಳ ಪೈಕಿ ಅರ್ಧದಷ್ಟು ಮಕ್ಕಳಿಗೆ ಒಂದು ಶಾಲಾ ವರ್ಷ ದಿನವೂ ತಿಂಡಿ ಕೊಟ್ಟರು. ಅವರ ಹಾಜರಾತಿ ಏರಿತು, ಎತ್ತರ ತೂಕ ಹೆಚ್ಚಿತು, ಚಿಕ್ಕ ತರಗತಿಯವರ ಲೆಕ್ಕ ಸುಧಾರಿಸಿತು. ರಾತ್ರಿ ಉಂಡು ಮಲಗಿದ ಮಗುವಿನ ಹೊಟ್ಟೆ ಬೆಳಗಿನ ಮೊದಲ ತಾಸಿಗೆ ಖಾಲಿಯಾಗಿ ಎಷ್ಟು ಹೊತ್ತಾಗಿರುತ್ತದೆ, ಲೆಕ್ಕ ಹಾಕಿ. ಗೋವಾದ ಶಾಲೆಗಳಲ್ಲಿ ಬಿಸಿಯೂಟವೆಂದು ಸ್ವಸಹಾಯ ಗುಂಪಿನವರು ತರುವ ಪಾವ್-ಭಾಜಿ ವಿರಾಮದ ಹೊತ್ತಿಗೆ ಬರುತ್ತದೆ. ಅಷ್ಟರಲ್ಲಿ ಗಣಿತದ ತಾಸು ಮುಗಿದಿರುತ್ತದೆ, ಹಸಿದ ಮಗುವಿಗೆ ‘ದಡ್ಡ’ ಎಂಬ ಹೆಸರೂ ಬಿದ್ದಿರುತ್ತದೆ.

ತಮಿಳುನಾಡು ಕೇಂದ್ರದ ದಾರಿ ಕಾಯಲಿಲ್ಲ. 2022ರ ಸೆಪ್ಟೆಂಬರ್ 15ರಂದು ಮಧುರೈಯಲ್ಲಿ ತಿಂಡಿ ಯೋಜನೆ ಶುರುಮಾಡಿತು, ಮರುವರ್ಷ ಆಗಸ್ಟ್‌ನಲ್ಲಿ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳಿಗೂ ಉಪ್ಪಿಟ್ಟು, ಪೊಂಗಲ್ ತಲುಪಿಸಿತು. ತಲಾ ಆದಾಯದಲ್ಲಿ ದೇಶದ ಮುಂಚೂಣಿಯಲ್ಲಿರುವ ಪುಟ್ಟ ಗೋವಾಕ್ಕೆ ಇದು ಭಾರವೆಂದರೆ ನಾನು ನಂಬುವುದಿಲ್ಲ. ಇಲ್ಲದಿರುವುದು ಮನಸ್ಸು. ಯಾಕೆಂದರೆ ಸರ್ಕಾರಿ ಶಾಲೆಯ ಬೆಂಚಿನಲ್ಲಿ ಹಸಿದು ಕೂತವರಲ್ಲಿ ಬಹಳಷ್ಟು ಮಂದಿ ‘ಹೊರಗಿನವರ’ ಮಕ್ಕಳು. ಗೋವಾದ ರಸ್ತೆ, ಹೋಟೆಲು, ಫ್ಲ್ಯಾಟು ಕಟ್ಟಿದ್ದು ಆ ಮಕ್ಕಳ ಅಪ್ಪಂದಿರೇ. 2004ರಲ್ಲಿ, ಮತ್ತೆ 2015ರಲ್ಲಿ, 2017ರಲ್ಲಿ ಬೈನಾ ಕಡಲಂಚಿಗೆ ಬುಲ್ಡೋಜರ್ ಬಂದಾಗ ಸೂರು ಕಳೆದುಕೊಂಡವರಲ್ಲಿ ಕನ್ನಡಿಗರೇ ಹೆಚ್ಚು. ಊರಲ್ಲೇ ಉಳಿದಿದ್ದರೆ ಈ ಮಕ್ಕಳಿಗೆ ಕ್ಷೀರಭಾಗ್ಯದ ಹಾಲಾದರೂ, ಮೊಟ್ಟೆಯಾದರೂ ಸಿಗುತ್ತಿತ್ತು. ದುಡಿಮೆ ನಮ್ಮದು ಬೇಕು, ಮಕ್ಕಳು ಬೇಡ ಎಂಬ ಈ ಲೆಕ್ಕಾಚಾರವನ್ನು ಎಷ್ಟು ವರ್ಷ ಸಹಿಸಬೇಕು?

ಗೋವಾದ ಕನ್ನಡ ಸಂಘಗಳಿಗೆ ನನ್ನದೊಂದು ಬೇಡಿಕೆ. ಈ ವರ್ಷ ರಾಜ್ಯೋತ್ಸವದ ವೇದಿಕೆಗೆ ಬರುವ ಪ್ರತಿ ಮಂತ್ರಿ, ಶಾಸಕರ ಕೈಗೆ ಹಾರದ ಜೊತೆಗೆ ಒಂದು ಅರ್ಜಿ ಕೊಡಿ: ಮುಂದಿನ ಬಜೆಟ್‌ನಲ್ಲಿ ಶಾಲಾ ಮಕ್ಕಳ ಬೆಳಗಿನ ತಿಂಡಿಗೆ ಹಣ ತೆಗೆದಿಡಿ, ಮೊದಲ ತಾಸಿಗೆ ಮುನ್ನವೇ ಬಡಿಸಿ. ಕೊಂಕಣಿ, ಮರಾಠಿ ಮಾತಾಡುವ ಬಡವರ ಮಕ್ಕಳೂ ಅದೇ ಬೆಂಚಿನಲ್ಲಿದ್ದಾರೆ, ಅವರ ಅಪ್ಪ ಅವ್ವಂದಿರ ಸಹಿಯನ್ನೂ ಹಾಕಿಸಿ.