ನಿಂತ ಕಾರ್ಖಾನೆ, ಏರುವ ಬೆಲೆ

ಹಾಸ್ಟೆಲ್ ಕಾರಿಡಾರ್‌ಗಳಲ್ಲಿ ಈಗ ಹೊಸ ಹೂಡಿಕೆ ಸಲಹೆಯೊಂದು ಓಡಾಡ್ತಿದೆ. ಲೆಗೋ ಸೆಟ್ ಒಂದನ್ನ ತಗೊಳ್ಳಿ, ಡಬ್ಬ ಒಡೀಬೇಡಿ, ಕಂಪನಿ ಅದನ್ನ ಮಾಡೋದು ನಿಲ್ಲಿಸಿದ ಮೇಲೆ ಮಾರಿ, ಎಫ್‌ಡಿಗಿಂತ ಜಾಸ್ತಿ ದುಡ್ಡು ಬರುತ್ತೆ ಅಂತ. ಈ ಮಾತು ಪೂರ್ತಿ ಸುಳ್ಳಲ್ಲ. ಮಾಸ್ಕೋದ ಹೈಯರ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಸಂಶೋಧಕರು 1987ರಿಂದ 2015ರವರೆಗಿನ ಎರಡು ಸಾವಿರಕ್ಕೂ ಹೆಚ್ಚು ಸೆಟ್‌ಗಳ ಬೆಲೆ ನೋಡಿ, ವರ್ಷಕ್ಕೆ ಸರಾಸರಿ ಸುಮಾರು ಶೇ. 11ರಷ್ಟು ಲಾಭ ಬಂದಿದೆ ಅಂದರು. ಆದರೆ ಅದು ಸರಾಸರಿ. ಅದೇ ಲೆಕ್ಕದಲ್ಲಿ ನಷ್ಟ ತಂದ ಸೆಟ್‌ಗಳೂ ಇವೆ. ಸರಾಸರಿ ಅಂದರೇನು ಅಂತ ಎಂ-3, ಎಂ-4 ಪಾಸಾದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಮಾಡೋದು ನಿಂತ ವಸ್ತುವಿಗೆ ಬೆಲೆ ಯಾಕೆ ಏರುತ್ತೆ? ಇದನ್ನ ತಿಳಿಯೋಕೆ ಡೆನ್ಮಾರ್ಕ್‌ಗೆ ಹೋಗಬೇಕಿಲ್ಲ. ಶಿರಾ ಗೇಟ್‌ನಲ್ಲಿ ಬಸ್ಸಿಗೆ ಕಾಯೋ ಹಿರಿಯರ ಮಣಿಕಟ್ಟು ನೋಡಿದರೆ ಸಾಕು. ಹತ್ತು ಜನರಲ್ಲಿ ಒಬ್ಬರಾದರೂ ಎಚ್‌ಎಂಟಿ ವಾಚ್ ಕಟ್ಟಿರ್ತಾರೆ. ನಮ್ಮ ತುಮಕೂರಿನಲ್ಲೇ ಅದರ ಕಾರ್ಖಾನೆ ಇತ್ತು ಅನ್ನೋದು ಮಾತ್ರ ನಮ್ಮ ಬ್ಯಾಚಿನ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಕಥೆ ಚಿಕ್ಕದಾಗಿ ಹೀಗಿದೆ. ಯಂತ್ರೋಪಕರಣ ತಯಾರಿಸಲು 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ ಎಚ್‌ಎಂಟಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಅದು ವಾಚ್ ತಯಾರಿಕೆಗೆ ಇಳಿಯಿತು. ಬೇಡಿಕೆ ಬೆಳೆದಂತೆ ಶ್ರೀನಗರ, ತುಮಕೂರು, ರಾಣಿಬಾಗ್‌ಗಳಲ್ಲೂ ಘಟಕಗಳು ಬಂದವು. ಜನತಾ, ಪೈಲಟ್, ಕಾಂಚನ್ ಮನೆಮಾತಾದವು. ಮದುಮಗನಿಗೆ ವಾಚ್ ಕೊಡಬೇಕು ಅಂದರೆ ಎಚ್‌ಎಂಟಿಯೇ ಕೊಡಬೇಕಿತ್ತು. 1980ರ ದಶಕದಲ್ಲಿ ಕ್ವಾರ್ಟ್ಜ್ ಬಂತು, ಟೈಟನ್ ಬಂತು, 1991ರ ನಂತರ ಮಾರುಕಟ್ಟೆ ತೆರೆದುಕೊಂಡಿತು. ನಷ್ಟ ವರ್ಷದಿಂದ ವರ್ಷಕ್ಕೆ ಬೆಳೆಯಿತು. 2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿತು. ತುಮಕೂರಿನ ಜಾಗ ಇಸ್ರೋಗೆ ಹೋಯಿತು.

ಮುಚ್ಚುತ್ತಾರಂತೆ ಅನ್ನೋ ಸುದ್ದಿ 2014ರಲ್ಲಿ ಬಂದಾಗಲೇ ಜನ ಎಚ್‌ಎಂಟಿ ಅಂಗಡಿಗಳಿಗೆ ಮುಗಿಬಿದ್ದಿದ್ದರು. ವರ್ಷಗಟ್ಟಲೆ ಶೋಕೇಸ್‌ನಲ್ಲಿ ಧೂಳು ತಿಂದ ಮಾಲು ಕೆಲವೇ ವಾರಗಳಲ್ಲಿ ಅಪರೂಪ ಆಗಿಬಿಡ್ತು. ಒಂದು ಕಾಲಕ್ಕೆ ನೂರರ ಲೆಕ್ಕದಲ್ಲಿ ಸಿಗುತ್ತಿದ್ದ ಜನತಾ ಈಗ ಸಾವಿರದ ಲೆಕ್ಕದಲ್ಲಿ ಹೋಗ್ತಿದೆ. ವಾಚಿನೊಳಗೆ ಒಂದು ಗೇರೂ ಬದಲಾಗಿಲ್ಲ. ಹಾಗಾದರೆ ಬದಲಾಗಿದ್ದೇನು?

ನಮಗೆ ಕಾಣೋದು ಮೂರು ಕಾರಣ. ಮೊದಲನೆಯದು ಸರಳ. ಹೊಸದು ಬರೋದು ನಿಂತಿದೆ, ಇರೋದು ದಿನಾ ಕಮ್ಮಿ ಆಗ್ತಿದೆ. ಲೆಗೋ ಡಬ್ಬವನ್ನ ಮಕ್ಕಳು ಒಡೀತಾರೆ, ಬಿಡಿಭಾಗ ಸೋಫಾ ಕೆಳಗೆ ಹೋಗುತ್ತೆ. ವಾಚು ನೀರಿಗೆ ಬೀಳುತ್ತೆ, ಗುಜರಿಗೆ ಹೋಗುತ್ತೆ. ಎಲ್ಲರೂ ಬಳಸಿ ಎಸೆದಿದ್ದಕ್ಕೇ ಉಳಿದಿದ್ದಕ್ಕೆ ಬೆಲೆ. ಎಲ್ಲರೂ ಡಬ್ಬ ಒಡೆಯದೆ ಬೀರುವಿನಲ್ಲಿ ಇಟ್ಟರೆ ಆ ಬೆಲೆ ಬರೋದೇ ಇಲ್ಲ. ಹಾಸ್ಟೆಲ್‌ನ ಹೂಡಿಕೆ ಪಂಡಿತರು ಇದನ್ನ ಮರೀತಾರೆ.

ಎರಡನೆಯದು ವಯಸ್ಸು. ಚಿಕ್ಕವರಿದ್ದಾಗ ಆಸೆಪಟ್ಟು ಸಿಗದ ಆಟಿಕೆಯನ್ನ ಮೂವತ್ತೈದು ದಾಟಿ ಸಂಬಳ ಕೈಗೆ ಬಂದ ಮೇಲೆ ಜನ ಹುಡುಕ್ತಾರೆ. ಅಪ್ಪನ ಕೈಯಲ್ಲಿ ನೋಡಿದ ವಾಚನ್ನೂ ಹಾಗೇ ಹುಡುಕ್ತಾರೆ. ಅವರು ದುಡ್ಡು ಕೊಡೋದು ನೆನಪಿಗೆ. ಆ ನೆನಪು ಇರೋ ತಲೆಮಾರು ಹೋದ ಮೇಲೆ ಬೆಲೆ ಹೀಗೇ ಇರುತ್ತೆ ಅಂತ ಗ್ಯಾರಂಟಿ ಇಲ್ಲ.

ಮೂರನೆಯದನ್ನ ಎಂಜಿನಿಯರ್‌ಗಳಾದ ನಾವು ಗಮನಿಸಬೇಕು. 1958ರ ಲೆಗೋ ಇಟ್ಟಿಗೆ ಇವತ್ತಿನ ಇಟ್ಟಿಗೆ ಮೇಲೆ ಸರಿಯಾಗಿ ಕೂರುತ್ತೆ. ಎಚ್‌ಎಂಟಿಯಲ್ಲೂ ಹಾಗೇ. 17 ಜ್ಯುವೆಲ್‌ನ 0231 ಅನ್ನೋ ಕೈಯಲ್ಲಿ ಕೀಲಿ ಕೊಡುವ ಒಂದೇ ಯಂತ್ರ ಹತ್ತಾರು ಮಾಡೆಲ್‌ಗಳಲ್ಲಿದೆ. ಒಂದರ ಭಾಗ ತೆಗೆದು ಇನ್ನೊಂದಕ್ಕೆ ಹಾಕಬಹುದು. ರಿಪೇರಿ ಆಗೋ ವಸ್ತು ಮಾತ್ರ ಸಂಗ್ರಾಹಕರ ಕೈ ತಲುಪೋವರೆಗೆ ಬದುಕಿರುತ್ತೆ. ಬ್ಯಾಟರಿ ಅಂಟಿಸಿ ಮುಚ್ಚಿದ ನಮ್ಮ ಇಯರ್‌ಬಡ್‌ಗಳನ್ನ 2060ರಲ್ಲಿ ಯಾರಾದರೂ ಹುಡುಕ್ತಾರಾ? ಅನುಮಾನ.

ಇದೇ ಗುಣದಿಂದ ತೊಂದರೆಯೂ ಇದೆ. ಹಳೇ ಯಂತ್ರಕ್ಕೆ ಹೊಸದಾಗಿ ಬಣ್ಣ ಬಳಿದ ಡಯಲ್ ಹಾಕಿ, ಯಾವುದೋ ಕೇಸ್‌ನಲ್ಲಿ ಕೂರಿಸಿ, ‘ಅಪರೂಪದ ಎಚ್‌ಎಂಟಿ’ ಅಂತ ಆನ್‌ಲೈನ್‌ನಲ್ಲಿ ಮಾರೋರು ಬೇಕಾದಷ್ಟು ಜನ ಇದ್ದಾರೆ. ಕಾರ್ಖಾನೆ ಯಾವತ್ತೂ ಮಾಡದ ಗಿಳಿಹಸಿರು, ಗುಲಾಬಿ ಡಯಲ್‌ಗಳು ಪಳಪಳ ಅಂತ ಹೊಳೀತಿರುತ್ತವೆ. ನಲವತ್ತು ವರ್ಷದ ವಾಚು ನಿನ್ನೆ ಹುಟ್ಟಿದಂಗೆ ಕಂಡರೆ ಒಂದು ಸಲ ಯೋಚನೆ ಮಾಡಿ.

ಇನ್ನು ಹೂಡಿಕೆ ಅಂತ ಹೊರಟವರು ತಾಜ್‌ಮಹಲ್ ಕಥೆ ಕೇಳಬೇಕು. 2008ರಲ್ಲಿ ಲೆಗೋ 5,922 ತುಂಡುಗಳ ತಾಜ್‌ಮಹಲ್ ಸೆಟ್ ತಂದಿತು. ತಯಾರಿಕೆ ನಿಂತ ಮೇಲೆ ಅದರ ಬೆಲೆ ಮೂಲ ಬೆಲೆಯ ಹಲವು ಪಟ್ಟು ಏರಿತು. 2017ರಲ್ಲಿ ಕಂಪನಿ ಅದೇ ತಾಜ್‌ಮಹಲನ್ನು ಹೊಸ ನಂಬರ್ ಕೊಟ್ಟು ಮತ್ತೆ ಬಿಡುಗಡೆ ಮಾಡಿತು. ಹಳೇ ಡಬ್ಬ ಹಿಡಿದು ಕೂತವರ ಬೆಲೆ ದಬಕ್ಕಂತ ಕೆಳಗೆ ಬಿತ್ತು. ಅಂದರೆ ನಿಮ್ಮ ಲಾಭ ದೂರದ ಯಾವುದೋ ಮೀಟಿಂಗ್ ರೂಮಿನ ಒಂದು ತೀರ್ಮಾನದ ಮೇಲೆ ನಿಂತಿದೆ. ಎಜುಕೇಶನ್ ಲೋನ್ ತೀರಿಸಬೇಕಾದವರು ಇದನ್ನ ನಂಬಿ ಕೂರಬಾರದು.

ಆದರೆ ನಮ್ಮ ನಿಜವಾದ ತಕರಾರು ಲಾಭ ನಷ್ಟದ ಬಗ್ಗೆ ಅಲ್ಲ. ವಾಚಿನ ಬೆಲೆ ಏರಿದ್ದರಿಂದ ಅದನ್ನ ಮಾಡಿದವರಿಗೆ ಒಂದು ರೂಪಾಯಿಯೂ ಸಿಕ್ಕಿಲ್ಲ. ಸ್ವಯಂ ನಿವೃತ್ತಿ ತಗೊಂಡು ಮನೆಗೆ ಹೋದವರು ನಮ್ಮ ಊರಿನಲ್ಲೇ ಇದ್ದಾರೆ. ಮೆಟ್ರಾಲಜಿ ಕ್ಲಾಸಿನಲ್ಲಿ ಟಾಲರೆನ್ಸ್, ಫಿಟ್ ಅಂತ ನಾವು ಪಿಪಿಟಿಯಲ್ಲಿ ಓದಿ ಇಂಟರ್ನಲ್ಸ್‌ಗೆ ಬರೀತೀವಿ. ಕೂದಲಿಗಿಂತ ಸಣ್ಣ ಅಳತೆಯನ್ನ ದಿನವಿಡೀ ಕಣ್ಣಲ್ಲಿ, ಬೆರಳಲ್ಲಿ ಹಿಡಿದವರು ಅವರು. ವಾಚ್‌ಗೆ ಸಂಗ್ರಾಹಕರು ಸಿಕ್ಕರು, ಆ ವಿದ್ಯೆಗೆ ಸಿಗಲಿಲ್ಲ. ಸಂಗ್ರಾಹಕರ ಲೆಕ್ಕದಲ್ಲೇ ಹೇಳೋದಾದರೆ ಅದರ ತಯಾರಿಕೆ ನಿಂತಿದೆ, ಇರೋದೂ ವರ್ಷಕ್ಕೊಬ್ಬರಂತೆ ಕಮ್ಮಿ ಆಗ್ತಿದೆ.

ಹಾಗಾಗಿ ನಾವು ಕೇಳೋದು ಮೂರೇ. ಅಜ್ಜನ ವಾಚು ಬೀರುವಿನಲ್ಲಿದ್ದರೆ ಮಾರಬೇಡಿ, ಸರ್ವಿಸ್ ಮಾಡಿಸಿ ಕಟ್ಟಿಕೊಳ್ಳಿ. ಬೆಲೆ ಗೊತ್ತಿಲ್ಲದ ಹಿರಿಯರ ಹತ್ತಿರ ಇನ್ನೂರು ರೂಪಾಯಿಗೆ ತಗೊಂಡು ಆನ್‌ಲೈನ್‌ನಲ್ಲಿ ಐದು ಸಾವಿರಕ್ಕೆ ಮಾರೋದನ್ನ ಜಾಣತನ ಅಂತ ಕರೀಬೇಡಿ. ಮೂರನೆಯದು ನಮ್ಮ ಸಂಘಕ್ಕೆ. ಈ ನವೆಂಬರ್‌ನ ರಾಜ್ಯೋತ್ಸವಕ್ಕೆ ಯಾವ ಸೆಲೆಬ್ರಿಟಿ ಅಂತ ತಲೆ ಕೆಡಿಸಿಕೊಳ್ಳೋ ಬದಲು, ತುಮಕೂರಿನ ವಾಚ್ ಕಾರ್ಖಾನೆಯಲ್ಲಿ ದುಡಿದ ನಾಲ್ಕು ಜನರನ್ನ ವೇದಿಕೆಗೆ ಕರೆಯೋಣ. ಮೆಕ್ಯಾನಿಕಲ್‌ನವರು ಒಂದು ಹಳೇ ಜನತಾ, ಒಂದು ಲೂಪ್, ಒಂದು ಸಣ್ಣ ಸ್ಕ್ರೂಡ್ರೈವರ್ ತನ್ನಿ. ಇ ಅಂಡ್ ಸಿಯವರು ಕ್ಯಾಮೆರಾ, ಮೈಕ್ ನೋಡಿಕೊಳ್ಳಿ. ಅವರು ಬಿಚ್ಚಿ ತೋರಿಸಲಿ, ಕನ್ನಡದಲ್ಲೇ ವಿವರಿಸಲಿ, ನಾವು ಅದನ್ನ ರೆಕಾರ್ಡ್ ಮಾಡಿ ಇಡೋಣ. ಖರ್ಚು ಡಿಜೆಗಿಂತ ಕಮ್ಮಿ.